ನೀರು ಕುಡಿದ ದೋಣಿ

ಬೆಂಗಳೂರಿನ ತಿಲಕ್ ನಗರದ ದುಂಡಪ್ಪನ ಗುಜರಿಯಲ್ಲಿ ಮೂರು ದೋಣಿಗಳಿದ್ದವು. ನದಿಯಿಲ್ಲ, ಸಮುದ್ರವಿಲ್ಲ, ಬೇಸಿಗೆ ಬಂದರೆ ನಲ್ಲಿಯಲ್ಲೂ ನೀರಿಲ್ಲ. ಅಂಥ ಊರಿನಲ್ಲಿ ಹಳೇ ಫ್ರಿಜ್ಜುಗಳ ಸಂದಿಯಲ್ಲಿ ದೋಣಿ ಮಲಗಿದ್ದರೆ ಯಾರಿಗಾದರೂ ನಗು ಬರಬೇಕು. ಸಂಘಮಿತ್ರಾಗೆ ಬರಲಿಲ್ಲ. ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಮೊದಲನೇ ದೋಣಿಯ ಅಡಿಗೆ ತಲೆ ತೂರಿಸಿಯೇಬಿಟ್ಟಳು.

ಅವಳದು ಮೊದಲಿನಿಂದಲೂ ಇದೇ ಚಾಳಿ. ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದಂಗಡಿಯಲ್ಲಿ ಕೆಲಸ. ಗಿರಾಕಿ ತಂದ ಕನ್ನಡಕವನ್ನು ಸುಮ್ಮನೆ ರಿಪೇರಿ ಮಾಡಿ ಕೊಡುವವಳಲ್ಲ; ಇದು ಹೇಗೆ ಮುರಿಯಿತು, ನೀವು ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೇಳಿಯೇ ತೀರುತ್ತಾಳೆ. ಇವತ್ತು ಅಂಗಡಿಯ ಪುಟ್ಟ ಭೂತಗನ್ನಡಿಯನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದಳು. ಜೊತೆಗೆ ಮನೆಯಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ.

ಕುರ್ಚಿಯ ಕಥೆ ಹೇಳದೆ ದೋಣಿಯ ಕಥೆ ಮುಂದಕ್ಕೆ ಹೋಗುವುದಿಲ್ಲ. ಅವಳ ಮನೆಯಿರುವುದು ಬಿಟಿಎಂ ಲೇಔಟಿನ ಒಂದು ತಗ್ಗು ರಸ್ತೆಯಲ್ಲಿ. ದೊಡ್ಡ ಮಳೆ ಬಂದರೆ ಸುತ್ತಲಿನ ಎಲ್ಲ ರಸ್ತೆಗಳ ನೀರಿಗೂ ಅದೇ ತವರುಮನೆ. ಬಂದ ನೀರು ಎರಡು ದಿನ ಇದ್ದೇ ಹೋಗುತ್ತದೆ. ಬೇರೆಯವರಿಗೆ ಸೋಫಾ ನೆನೆದ ಸಂಕಟ, ಬೈಕು ಮುಳುಗಿದ ಸಂಕಟ. ಸಂಘಮಿತ್ರಾಗೆ ಅವ್ವನ ಸಂಕಟ. ಅವ್ವ ರುದ್ರಮ್ಮನ ಕಿಡ್ನಿಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಗುರುವಾರ ಡಯಾಲಿಸಿಸ್ ಆಗಲೇಬೇಕು. ಹೋದ ವರ್ಷ ಒಂದು ಗುರುವಾರ ರಸ್ತೆಯಲ್ಲಿ ಸೊಂಟದ ತನಕ ನೀರು ನಿಂತಿತು. ಆಂಬುಲೆನ್ಸು ಮೇನ್ ರೋಡಿನವರೆಗೆ ಬಂದು ಫೋನು ಮಾಡಿ ವಾಪಸು ಹೋಯಿತು. ನೀರು ಸ್ವಲ್ಪ ಇಳಿದ ಮೇಲೆ ಶನಿವಾರ ನಾಲ್ಕು ಜನ ಇದೇ ಕೆಂಪು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಸಾಗಿಸುವ ಹೊತ್ತಿಗೆ ರುದ್ರಮ್ಮನ ಮುಖ, ಕಾಲು ಎಲ್ಲ ಊದಿ, ಮಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಹೇಗೋ ಉಳಿದಳು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಲಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಮಳೆಗಾಲದಲ್ಲಿ ಪದ್ಮನಾಭನಗರದ ಚಿಕ್ಕಮ್ಮನ ಮನೆಗೆ ಹೋಗಿರೋಣ ಅಂದರೆ ರುದ್ರಮ್ಮ ಒಪ್ಪಬೇಕಲ್ಲ. "ನಾನು ಹುಟ್ಟಿದ ಊರು ಇದು. ಲೇಔಟು ಆಮೇಲೆ ಬಂತು. ನಾನ್ಯಾಕೆ ಎದ್ದು ಹೋಗ್ಲಿ?" ಆನ್‌ಲೈನಿನಲ್ಲಿ ಗಾಳಿ ತುಂಬಿಸುವ ರಬ್ಬರು ದೋಣಿ ತರಿಸಿದ್ದೂ ಆಯಿತು. ಗೇಟಿನಿಂದ ಒಳಗೆ ತರುವಾಗಲೇ ಗ್ರಿಲ್ಲಿನ ಮೊನೆ ತಾಗಿ ಟುಸ್ಸೆಂದಿತು. ಬಲೂನಿನಲ್ಲಿ ಕೂರಲು ತನಗೇನು ಹುಚ್ಚೇ ಎಂದು ರುದ್ರಮ್ಮ ಒಂದು ವಾರ ನಕ್ಕಳು. ಹಾಗಾಗಿ ಗಟ್ಟಿ ದೋಣಿಯೇ ಬೇಕು, ಅದೂ ಮಳೆ ಹಿಡಿಯುವ ಮೊದಲು ಬೇಕು, ಆ ಕುರ್ಚಿ ಅದರೊಳಗೆ ಭದ್ರವಾಗಿ ಕೂರಬೇಕು. ಇಷ್ಟೇ ವಿಷಯ.

ಗುಜರಿಗೆ ಅವಳ ಜೊತೆ ಇಬ್ಬರು ಬಂದಿದ್ದರು. ಒಬ್ಬ ಚಲುವರಾಜು, ಅದೇ ರಸ್ತೆಯಲ್ಲಿ ಅವಳೊಂದಿಗೇ ಆಡಿ ಬೆಳೆದ ಆಟೋ ಡ್ರೈವರ್. ಇನ್ನೊಬ್ಬರು ರಸ್ತೆಯ ಅಸೋಸಿಯೇಷನ್ನಿನ ಅಧ್ಯಕ್ಷ ಅನಂತರಾಮು. ಅವರನ್ನು ಯಾರೂ ಕರೆದಿರಲಿಲ್ಲ. ರಸ್ತೆಯಲ್ಲಿ ಗುಂಡಿ ಮುಚ್ಚಿದರೂ ಅವರು ಪಕ್ಕದಲ್ಲಿ ನಿಂತಿರಬೇಕು, ನಿಲ್ಲದಿದ್ದರೆ ಊಟ ಸೇರುವುದಿಲ್ಲ.

"ಕೆರೇಲಿ ಬೋಟಿಂಗ್ ನಿಂತೋಯ್ತಲ್ಲ ಮೇಡಂ, ಆವಾಗ ಹರಾಜಲ್ಲಿ ತಗೊಂಡಿದ್ದು" ಅಂದ ದುಂಡಪ್ಪ. "ಯಾವ್ದು ಬೇಕೋ ನೋಡ್ಕೊಳಿ. ಮರದ್ದು ಮಾತ್ರ ಬೇಗ ಹೇಳಿ. ಸೌದೆಯೋನು ಈ ವಾರ ಬಂದು ಒಡ್ಕೊಂಡು ಹೋಗ್ತೀನಿ ಅಂದವ್ನೆ."

ಮೊದಲನೆಯದು ಫೈಬರಿನ ಹಂಸ. ಕುತ್ತಿಗೆ ಮುರಿದಿತ್ತು, ಒಂದು ಕಣ್ಣು ಅಳಿಸಿಹೋಗಿತ್ತು. ಅನಂತರಾಮು ಅದರ ಬೆನ್ನು ತಟ್ಟಿ, "ಲೈಟ್ ವೆಯ್ಟ್ ನೋಡಮ್ಮ. ಇಬ್ರು ಎತ್ಕೊಂಡು ಹೋಗ್ಬೋದು. ಇದೇ ಫೈನಲ್ ಮಾಡು" ಅಂದರು. ಸಂಘಮಿತ್ರಾ ಕುರ್ಚಿ ತಂದಳು. ತುಳಿಯುವ ಪೆಡಲುಗಳ ನಡುವೆ ಅದಕ್ಕೆ ಜಾಗವೇ ಇರಲಿಲ್ಲ.

"ಹಂಸದ ಕುತ್ಗೆ ಹಿಡ್ಕೊಂಡು ದೊಡ್ಡವ್ವ ಡಯಾಲಿಸಿಸ್‌ಗೆ ಹೋಗೋದು... ಸಖತ್ತಾಗಿರುತ್ತೆ ಕಣೇ" ಅಂದ ಚಲುವರಾಜು.

"ಸುಮ್ನಿರೋ."

ಎರಡನೆಯದು ತಗಡಿನದು. ಕುರ್ಚಿಯೇನೋ ಕೂತಿತು. ತೂಕ ನೋಡೋಣ ಎಂದು ಚಲುವರಾಜು ಅದರಲ್ಲಿ ಕೂತ. ಕುರ್ಚಿಯ ಹಿಂಗಾಲು ತುಕ್ಕು ಹಿಡಿದ ತಳವನ್ನು ತೂತು ಮಾಡಿಕೊಂಡು ಕೆಳಗಿಳಿಯಿತು, ಅವನು ಅಂಗಾತ ಬಿದ್ದ. ದುಂಡಪ್ಪ ಆಕಾಶ ನೋಡುತ್ತ ನಿಂತ.

ಮೂರನೆಯದೇ ಮರದ್ದು. ಮೇಲೆ ನೀಲಿ ಬಣ್ಣ. ಉಗುರಿನಿಂದ ಕೆರೆದರೆ ಅದರಡಿ ಹಸಿರು, ಹಸಿರಿನಡಿ ಹಳದಿ. ಸಂಘಮಿತ್ರಾ ಭೂತಗನ್ನಡಿ ಹಿಡಿದು ಹಲಗೆಯಿಂದ ಹಲಗೆಗೆ ಹೋದಳು. ಎಷ್ಟು ಮಂದಿ ಇದರಲ್ಲಿ ಕೂತಿರಬಹುದು, ಯಾರು ಯಾರು ಹೊಸದಾಗಿ ಮದುವೆಯಾದವರು, ಯಾವ ಮಗು ಹೆದರಿ ಅತ್ತಿರಬಹುದು? ಒಂದು ಸಂದಿಯಿಂದ ಹಳೇ ಕಡಲೆಕಾಯಿ ಸಿಪ್ಪೆ ಸಿಕ್ಕಿತು. ಅದನ್ನೂ ಕನ್ನಡಿಯಲ್ಲಿ ನೋಡಿಯೇ ಎಸೆದಳು. ಆಮೇಲೆ ದುಂಡಪ್ಪನಿಂದ ಒಂದು ಮೊಳೆ ಇಸಿದುಕೊಂಡು ಮರಕ್ಕೆ ಅಲ್ಲಲ್ಲಿ ಚುಚ್ಚತೊಡಗಿದಳು. ಕೊಳೆತ ಬಾಗಿಲಿಗೆ ಮೊಳೆ ಬೆಣ್ಣೆಗಿಳಿದಂತೆ ಇಳಿಯುವುದನ್ನು ಅವಳು ಮನೆಯಲ್ಲೇ ನೋಡಿದ್ದಳು. ಇಲ್ಲಿ ಮೊಳೆ ಇಳಿಯಲಿಲ್ಲ. ಹಿಂಬದಿಯ ಒಂದೇ ಹಲಗೆ ಮೆತ್ತಗಿತ್ತು.

ಅನಂತರಾಮು ಬಗ್ಗಿ ನೋಡಿ ಹೌಹಾರಿದರು. "ಏನಮ್ಮಾ ಇದು, ಈ ಕಡೆಯಿಂದ ನೋಡಿದ್ರೆ ಆ ಕಡೆ ರೋಡ್ ಕಾಣ್ತಿದೆ!"

"ಕಾಣ್ತಿರೋದು ಹಲಗೆ ಹಲಗೆ ಮಧ್ಯದ ಸಂದಿಯಲ್ಲಿ ಅಂಕಲ್. ಹಲಗೆ ಗಟ್ಟಿ ಇದೆ."

"ಸಂದಿಯಲ್ಲಿ ಬಂದ್ರೂ ನೀರು ನೀರೇ ಅಲ್ವೇನಮ್ಮಾ?"

ಅವಳು ಕುರ್ಚಿ ತಂದು ದೋಣಿಯೊಳಗಿಟ್ಟಳು. ನಾಲ್ಕೂ ಕಾಲು ಅಲುಗದೆ ನಿಂತವು. ದೋಣಿಯ ಅಂಚು ಮೊಣಕಾಲಿನಷ್ಟೇ ಎತ್ತರ, ಅವ್ವನನ್ನು ಕುರ್ಚಿ ಸಮೇತ ಎತ್ತಿ ಇಳಿಸಬಹುದು. ಅವಳೇ ಒಮ್ಮೆ ಆ ಕುರ್ಚಿಯಲ್ಲಿ ಕೂತು ಗುಜರಿಯ ಸುತ್ತ ಕಣ್ಣು ಹಾಯಿಸಿದಳು. ಯಾಕೋ ಧೈರ್ಯ ಬಂತು. ದುಂಡಪ್ಪನೊಂದಿಗೆ ಒಂದಿಷ್ಟು ಜಗ್ಗಾಡಿ ವ್ಯಾಪಾರ ಕುದುರಿಸಿದಳು. ವಾಪಸು ಮಾತ್ರ ತಗೊಳ್ಳುವುದಿಲ್ಲ ಎಂದು ಅವನು ಹೇಳಿಯೇ ಕೊಟ್ಟ.

ಟಾಟಾ ಏಸ್ ಗಾಡಿಯ ಮೇಲೆ ದೋಣಿ ರಸ್ತೆಗೆ ಬಂದಾಗ ಎದುರಿನ ಪೀಜಿ ಹಾಸ್ಟೆಲಿನ ಹುಡುಗರು ಬಾಲ್ಕನಿಯಿಂದ ವಿಡಿಯೋ ಮಾಡಿದರು. ಖಾಲಿ ಸೈಟಿನಲ್ಲಿ ಹಳೇ ಟೈರುಗಳ ಮೇಲೆ ಅದನ್ನು ಕೂರಿಸಿದ್ದಾಯಿತು. ಮೆತ್ತಗಿದ್ದ ಹಲಗೆಯನ್ನು ಬಡಗಿ ಸಂಜೀವಯ್ಯ ಬದಲಾಯಿಸಿಕೊಟ್ಟು ಹೋದ. ಇನ್ನು ಸೋರುತ್ತದೋ ಇಲ್ಲವೋ ನೋಡಬೇಕು. ದೋಣಿಯನ್ನು ನೀರಿಗೆ ಬಿಟ್ಟು ನೋಡುವುದು ಲೋಕರೂಢಿ. ಆದರೆ ಇವರು ಬಿಂದಿಗೆ ಕೊಳ್ಳುವಾಗ ನೀರು ತುಂಬಿಸಿ ನೋಡುವ ಜನ, ಟೆರೇಸು ಸೋರಿದರೆ ಮೇಲೆ ನೀರು ಕಟ್ಟಿ ನೋಡುವ ಜನ. ಸಂಘಮಿತ್ರಾ ಬಕೆಟ್ಟಿನಲ್ಲಿ ನೀರು ತಂದು ದೋಣಿಯೊಳಗೇ ಸುರಿದಳು.

ಸುರಿದಷ್ಟೂ ಸುರಿದುಹೋಯಿತು. ಒಂದು ಸಂದಿಯಿಂದಲ್ಲ, ಎಲ್ಲ ಸಂದಿಗಳಿಂದಲೂ.

"ಇದು ದೋಣಿಯಲ್ಲಮ್ಮ, ಜರಡಿ" ಅಂದರು ಅನಂತರಾಮು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಖಾಲಿ ಬಕೆಟ್ಟು ಹಿಡಿದು ನಿಂತವಳಿಗೆ ಹೋದ ವರ್ಷದ ಶನಿವಾರ ಕಣ್ಣಮುಂದೆ ಬಂತು. ಅವ್ವನ ಜೀವವನ್ನು ತಾನು ಗುಜರಿಯ ಸೌದೆಗೆ ಒಪ್ಪಿಸಿದೆನೇ ಎಂದುಕೊಂಡಳು.

ಚಲುವರಾಜು ಸುಮ್ಮನಿರುವವನಲ್ಲ. ಓಡಿಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲು, ಬಿಳಿ ಸಿಮೆಂಟು ತಂದ. ನಮ್ಮ ಬೆಂಗಳೂರಿನಲ್ಲಿ ಸಿಂಟೆಕ್ಸ್ ಸೋರಲಿ, ಸಿಂಕು ಸೋರಲಿ, ಎಂ-ಸೀಲೇ ಮದ್ದು. ಇಬ್ಬರೂ ಕೂತು ಉಂಡೆ ಮಾಡಿ ಮೊದಲನೇ ಸಂದಿಗೆ ತುಂಬಬೇಕು, ಅಷ್ಟರಲ್ಲಿ ಸೈಟಿನ ಪಕ್ಕದಲ್ಲೇ ಇದ್ದ ತಮ್ಮ ಮನೆಯ ಕಿಟಕಿಯಿಂದ ರುದ್ರಮ್ಮ ಕೂಗಿದಳು.

"ಏಯ್, ಏನ್ರೋ ಅದು ತುಂಬ್ತಾ ಇರೋದು? ಬಿಡ್ರೋ!"

ಮಗಳು ಕಿಟಕಿಯ ಹತ್ತಿರ ಹೋದಳು. ಅವ್ವನ ತಲೆದೆಸೆಯಲ್ಲಿ ಪುಟ್ಟ ಸ್ಟೀಲ್ ಚೊಂಬಿತ್ತು. ಬೆಳಿಗ್ಗೆ ಸಂಘಮಿತ್ರಾ ಅದರಲ್ಲಿ ತುಂಬಿಟ್ಟ ನೀರೇ ಇಡೀ ದಿನಕ್ಕೆ. ಡಾಕ್ಟರ ಕಟ್ಟಪ್ಪಣೆ. ರುದ್ರಮ್ಮ ಅದನ್ನು ಗುಟುಕು ಗುಟುಕಾಗಿ, ಜಿಪುಣಿಯ ಹಾಗೆ ಕುಡಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬರೀ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಿದ್ದಳು.

"ಬೇಸ್ಗೇಲಿ ನಿಮ್ಮ ತಾತನ ಎತ್ತಿನಗಾಡಿ ಚಕ್ರ ಒಣಗಿ ಲೊಡಲೊಡ ಅಂತಿತ್ತು. ಕಬ್ಬಿಣದ ಪಟ್ಟಿ ಕಳಚ್ಕೊಂಡು ಬೀಳ್ತಿತ್ತು. ಅದಕ್ಕೇನು ಸಿಮೆಂಟ್ ಮೆತ್ತಿದ್ರಾ? ಕೆರೇಲಿ ಮುಳುಗಿಸಿ ಇಡ್ತಿದ್ರು. ಮರ ನೀರು ಕುಡಿದು ಊದ್ಕೊಂಡ್ರೆ ತಾನೇ ಬಿಗಿಯಾಗೋದು. ಈಗ್ಲೇ ಸಿಮೆಂಟ್ ತುಂಬಿದ್ರೆ ಊದೋಕೆ ಜಾಗ ಎಲ್ಲಿದೆ? ಹಲಗೇನೇ ಎದ್ದು ಬರುತ್ತೆ."

"ದೋಣಿಗೂ ಹಂಗೇ ಆಗುತ್ತಾ ಅವ್ವ?"

"ನಂಗೇನೇ ಗೊತ್ತು? ನಾನೇನು ದೋಣಿ ಓಡ್ಸಿದೀನಾ? ನೆನೆಸಿ ನೋಡು." ರುದ್ರಮ್ಮ ಚೊಂಬಿನ ಕಡೆ ನೋಡಿ ಸ್ವಲ್ಪ ನಕ್ಕಳು. "ನಾನು ನೀರು ಕುಡಿದು ಊದ್ಕೊಂಡ್ರೆ ಸಾಯ್ತೀನಿ. ಅದು ಊದ್ಕೊಂಡ್ರೆ ಬದುಕ್ಕೊಳುತ್ತೆ."

ನೆನೆಸಿ ನೋಡು ಎನ್ನುವುದು ಸುಲಭ. ಆ ಬೇಸಿಗೆಯಲ್ಲಿ ಬೋರ್‌ವೆಲ್ಲು ಬತ್ತಿ ಟ್ಯಾಂಕರಿಗೆ ಜನ ಮುಗಿಬೀಳುತ್ತಿದ್ದರು. ಒಳ್ಳೇ ನೀರನ್ನು ದೋಣಿಗೆ ಸುರಿದರೆ ರಸ್ತೆಯೇ ಅವಳ ಮೇಲೆ ಎಗರಿ ಬೀಳುತ್ತಿತ್ತು. ಸಂಘಮಿತ್ರಾ ಮನೆಮನೆಗೆ ಹೋಗಿ ಕೇಳಿದ್ದು ಕೆಟ್ಟ ನೀರನ್ನು: ವಾಟರ್ ಫಿಲ್ಟರಿನಿಂದ ಹೊರಗೆ ಹೋಗುವ ನೀರು, ವಾಷಿಂಗ್ ಮೆಷಿನ್ನಿನ ಕೊನೇ ನೀರು, ಅಕ್ಕಿ ತೊಳೆದ ನೀರು. ಮೊದಲು ಗೊಣಗಿದರು. ಆಮೇಲೆ ದೋಣಿ ಏನಾಯಿತು ನೋಡುವ ನೆಪದಲ್ಲಿ ಒಬ್ಬೊಬ್ಬರೇ ಬಕೆಟ್ಟು ಹಿಡಿದು ಬರತೊಡಗಿದರು. ಪೀಜಿ ಹುಡುಗರು ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದೊಂದು ಮಗ್ಗು ಎರಚಿ ಹೋಗುತ್ತಿದ್ದರು. ಅವಳು ಗೋಣಿಚೀಲ ಒದ್ದೆ ಮಾಡಿ ದೋಣಿಯ ಒಳಗೂ ಹೊರಗೂ ಹೊದಿಸಿದಳು. ಕೆಲಸ ಮುಗಿಸಿ ಬಂದವಳೇ ಚಪ್ಪಲಿ ಬಿಡದೆ ಮೊದಲು ಸೈಟಿಗೆ ಹೋಗಿ ಭೂತಗನ್ನಡಿ ಹಿಡಿದು ಕೂರುತ್ತಿದ್ದಳು. ಒಂದು ವಾರ ಕಳೆದರೂ ಸಂದಿ ಸಂದಿಯಾಗಿಯೇ ಇತ್ತು.

"ಎಷ್ಟು ಕುಡೀತು ಇವತ್ತು?" ಅವ್ವ ಪ್ರತಿ ಸಂಜೆ ಕೇಳುತ್ತಿದ್ದಳು. "ನನ್ನ ಪಾಲಿನ ನೀರನ್ನೂ ಅದೇ ಕುಡೀತಿದೆ ಬಿಡು."

ಒಂದು ಭಾನುವಾರ ಬೆಳಿಗ್ಗೆ ಅನಂತರಾಮು ಗೇಟು ಬಡಿದರು. ಪಂಚೆಯ ಮೇಲೆ ಬನಿಯನ್ನು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. "ಬಾಮ್ಮ ಬೇಗ, ಬಾ. ಕಾಗೆ ನೋಡು."

ಸೈಟಿನಲ್ಲಿ, ದೋಣಿಯ ಅಂಚಿನ ಮೇಲೆ ಒಂದು ಕಾಗೆ ಕೂತು ಒಳಗೆ ಕೊಕ್ಕು ಹಾಕಿ ನೀರು ಕುಡಿಯುತ್ತಿತ್ತು. ಹಿಂದಿನ ದಿನ ಸುರಿದ ನೀರು ಹಾಗೇ ನಿಂತಿತ್ತು. ಅದರ ಮೇಲೆ ಹೊಂಗೆ ಎಲೆಯೊಂದು ತೇಲುತ್ತಿತ್ತು. ಸಂಘಮಿತ್ರಾ ಮಣ್ಣಿನಲ್ಲೇ ಕೂತು ಅಡಿಗೆ ಕೈಯಾಡಿಸಿದಳು. ಸಂಜೀವಯ್ಯ ಹಾಕಿದ ಹೊಸ ಹಲಗೆಯ ಪಕ್ಕ ಮಾತ್ರ ಜಿನುಗು. ಮೊದಲು ಬಸ್ ಟಿಕೆಟ್ ತೂರುವಷ್ಟಿದ್ದ ಸಂದಿಗಳಲ್ಲಿ ಈಗ ಉಗುರೂ ಇಳಿಯಲಿಲ್ಲ. ಅವಳು ಅಧ್ಯಕ್ಷರ ಎದುರಿಗೇ ಅತ್ತುಬಿಟ್ಟಳು. ಅವರು ಏನು ಮಾಡಬೇಕೋ ತಿಳಿಯದೆ ಹಾಲಿನ ಪ್ಯಾಕೆಟ್ಟನ್ನು ಅವಳ ಕೈಗೆ ಕೊಟ್ಟರು.

ಮಳೆ ಈ ಸಲವೂ ಡಯಾಲಿಸಿಸ್ಸಿನ ಹಿಂದಿನ ದಿನ, ಬುಧವಾರವೇ ಹಿಡಿಯಿತು. ಗುರುವಾರ ಬೆಳಕಾಗುವಷ್ಟರಲ್ಲಿ ರಸ್ತೆ ಕೆರೆಯಾಗಿತ್ತು. ಆಂಬುಲೆನ್ಸಿನವನು ಮೇನ್ ರೋಡಿನಿಂದ ಫೋನು ಮಾಡಿ, ಮುಂದಕ್ಕೆ ಬರೋಕಾಗಲ್ಲ ಮೇಡಂ ಅಂದ. ಅಲ್ಲೇ ಇರಿ, ನಾವೇ ಬರ್ತೀವಿ ಎಂದಳು ಸಂಘಮಿತ್ರಾ. ಪೀಜಿ ಹುಡುಗರು ರುದ್ರಮ್ಮನನ್ನು ಕೆಂಪು ಕುರ್ಚಿ ಸಮೇತ ಎತ್ತಿ ದೋಣಿಯಲ್ಲಿಟ್ಟರು. ಹಿಂದೆ ಚಲುವರಾಜು ಬೊಂಬು ಊರಿ ತಳ್ಳಿದ. ಮುಂದೆ ಸಂಘಮಿತ್ರಾ ಸೊಂಟಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಡೆದಳು. ಎಲ್ಲಿ ಗೇಟು ಮುಳುಗಿದೆ, ಎಲ್ಲಿ ಮ್ಯಾನ್‌ಹೋಲಿದೆ ಎಂದು ಅನಂತರಾಮು ಮೊದಲ ಮಹಡಿಯಿಂದ ಛತ್ರಿ ಬೀಸಿ ಹೇಳುತ್ತಿದ್ದರು. ಆ ದಿನ ಅವರ ಅಧ್ಯಕ್ಷಗಿರಿ ಸಾರ್ಥಕವಾಯಿತು.

ದೋಣಿ ತೇಲಿತು. ಅವಳಿಗೆ ಅದನ್ನು ನಂಬಲು ಅರ್ಧ ರಸ್ತೆ ಬೇಕಾಯಿತು. ಅಷ್ಟರಲ್ಲಿ ಹಿಂತಿರುಗಿ ನೋಡಿದರೆ ಅವ್ವನ ಪಾದದ ಸುತ್ತ ನೀರು. ಹೊಸ ಹಲಗೆಯ ಬದಿಯ ಜಿನುಗು ಭಾರಕ್ಕೆ ಜಾಸ್ತಿಯಾಗಿತ್ತು.

"ಅವ್ವಾ, ನೀರು ಬರ್ತಿದೆ! ಚಲುವಾ, ಬೇಗ ತಳ್ಳೋ!"

"ಕೂಗ್ಬೇಡ ಸುಮ್ನಿರು" ಅಂದಳು ರುದ್ರಮ್ಮ. ಮಡಿಲಲ್ಲಿದ್ದ ಚೀಲಕ್ಕೆ ಕೈಹಾಕಿ ಸ್ಟೀಲ್ ಚೊಂಬು ತೆಗೆದಳು. ಆ ದಿನದ ಪಾಲು ಅದರಲ್ಲಿ ತುಂಬಿತ್ತು, ಇನ್ನೂ ಮುಟ್ಟಿರಲಿಲ್ಲ. ಒಂದು ಕ್ಷಣ ಅದನ್ನು ನೋಡಿ, "ಹೆಂಗೂ ನೀರು ತೆಗೆಯೋ ಮಿಷನ್ ಹತ್ರಾನೇ ಹೋಗ್ತಿದೀವಲ್ಲ" ಎಂದು ತಲೆಯೆತ್ತಿ ಗಟಗಟನೆ ಇಡೀ ಚೊಂಬು ಕುಡಿದುಬಿಟ್ಟಳು. ಮೂರು ವರ್ಷದಲ್ಲಿ ಅವ್ವನ ಗಂಟಲಲ್ಲಿ ನೀರು ಹಾಗೆ ಇಳಿದದ್ದನ್ನು ಸಂಘಮಿತ್ರಾ ನೋಡಿರಲಿಲ್ಲ. ಬೇಡ ಅನ್ನಲು ಬಾಯಿ ತೆರೆದವಳು ಹಗ್ಗವನ್ನು ಇನ್ನಷ್ಟು ಜಗ್ಗಿ ನಡೆದಳು.

ಬಾಯಿ ಒರೆಸಿಕೊಂಡು ರುದ್ರಮ್ಮ ಬಗ್ಗಿದಳು. ಖಾಲಿ ಚೊಂಬಿನಿಂದ ಪಾದದ ಬಳಿಯ ನೀರನ್ನು ಮೊಗೆದು ಹೊರಗೆ ಚೆಲ್ಲಿದಳು. ಮತ್ತೆ ಮೊಗೆದಳು, ಮತ್ತೆ ಚೆಲ್ಲಿದಳು. ಚಲುವರಾಜುವಿನ ಮೇಲೂ ಬಿತ್ತು, ಮಗಳ ಮೇಲೂ ಬಿತ್ತು. ಮೇನ್ ರೋಡಿನ ಆಂಬುಲೆನ್ಸು ಕಾಣುವವರೆಗೂ ಅವಳು ನಗುತ್ತ ನೀರು ಚೆಲ್ಲುತ್ತಲೇ ಇದ್ದಳು. ಎಷ್ಟು ಚೊಂಬಾಯಿತೆಂದು ಯಾರೂ ಲೆಕ್ಕ ಇಡಲಿಲ್ಲ.