ಕೊನೆಯ ಬೆಂಚಿಗೆ ನೂರು ಪಟ್ಟು

ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಣಿತದ ಮೇಡಂ ದನಿ ಪಿಸುಮಾತಿಗೆ ಇಳಿದಿತ್ತು. ಇವತ್ತು ಮಧ್ಯಾಹ್ನ ಪಾಠ ಕೊನೆಯ ಬೆಂಚಿಗೆ ಕೇಳಿಸದಿದ್ದರೆ ನಾಳೆಯಿಂದ ಅವರಿಗೆ ಗ್ರಂಥಾಲಯದ ಕೆಲಸ ಎಂದು ಹೆಡ್‌ಮಿಸ್ ಹೇಳಿಯಾಗಿತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದವರ ಬಾಯಿಗೆ ಬೀಗ ಹಾಕಿ, ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಅದಕ್ಕೇ ಅವರ ಅಣ್ಣನ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವವಳು, ಬೆಳಗಿನಿಂದ ಊಟದ ಮೇಜಿನ ಮೇಲೆ ಬೆಸುಗೆ ಹಾಕುತ್ತ ಕೂತಿದ್ದಳು. ಕಾಲರಿಗೆ ಸಿಕ್ಕಿಸುವ ಮೈಕು, ದನಿ ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್ಪು, ಸೊಂಟಕ್ಕೆ ಕಟ್ಟುವ ಸ್ಪೀಕರು. ದನಿ ಚಿಕ್ಕದಾದರೆ ಗೇನ್ ದೊಡ್ಡದಿರಲಿ ಎಂದು ಸಾವಿರ ಪಟ್ಟು ಇಟ್ಟಿದ್ದಳು. ಅತ್ತೆ "ಒಂದು, ಎರಡು" ಅಂದರೆ ಸ್ಪೀಕರು ನೆಗಡಿ ಹಿಡಿದ ಕಾಗೆಯಂತೆ "ಗ್ರಾ, ಗ್ರಾ" ಎಂದಿತು.

"ನನ್ನನ್ನೇ ಅಣಕಿಸ್ತಿದೆಯಲ್ಲೇ ಇದು," ಅತ್ತೆ ಪಿಸುಗುಟ್ಟಿದರು.

"ತಾಳಿ ಅತ್ತೆ, ಇನ್ನೂ ಜಾಸ್ತಿ ಮಾಡ್ತೀನಿ."

"ಕಾಗೆ ಹೋಗಿ ಕತ್ತೆ ಆಗುತ್ತೆ ಅಷ್ಟೇ. ಪಟ್ಟು ಹಿಡಿದು ಪಟ್ಟು ಏರಿಸ್ಬೇಡ. ಗೇನ್ ಅಂದ್ರೇನು, ಹೇಳು."

ಅವಳು ಗಿಳಿಪಾಠ ಒಪ್ಪಿಸಿದಳು: ಈ ರೆಸಿಸ್ಟರನ್ನು ಆ ರೆಸಿಸ್ಟರಿನಿಂದ ಭಾಗಿಸಿ ಒಂದು ಕೂಡಿಸುವುದು. ಪರೀಕ್ಷೆಯಲ್ಲಿ ಅಷ್ಟಕ್ಕೇ ಪೂರ್ತಿ ಅಂಕ ಬಂದಿತ್ತು.

"ಅನುಪಾತ ತಾನೆ? ನನ್ನ ಮಾತು ಮೈಕಿನಿಂದ ಎಷ್ಟಾಗಿ ಬರುತ್ತೆ?"

"ಇಪ್ಪತ್ತು ಮಿಲಿವೋಲ್ಟ್."

"ಅದರ ಸಾವಿರ ಪಟ್ಟು?"

"ಇಪ್ಪತ್ತು ವೋಲ್ಟ್."

"ಬ್ಯಾಟರಿ?"

"ಒಂಬತ್ತು..." ಅವಳು ಬೆಸುಗೆ ಕಡ್ಡಿ ಕೆಳಗಿಟ್ಟಳು.

"ಒಂಬತ್ತಡಿ ಮನೇಲಿ ಇಪ್ಪತ್ತಡಿ ಆಸಾಮೀನ ನಿಲ್ಲಿಸಿದ್ರೆ ತಲೆ ಸೂರಿಗೆ ಬಡಿಯಲ್ವೇನೇ?"

ಎರಡು ವರ್ಷ ಉರು ಹೊಡೆದ ಸೂತ್ರಕ್ಕೆ ಆ ಕ್ಷಣ ತಲೆಯೂ ಬಂತು, ಸೂರೂ ಬಂತು. ಚಿಪ್ಪು ದನಿಯನ್ನು ದೊಡ್ಡದು ಮಾಡುತ್ತದೆ, ಬ್ಯಾಟರಿಯನ್ನಲ್ಲ. ಲಕ್ಷ ಓಮಿನ ರೆಸಿಸ್ಟರನ್ನು ಹಾಗೇ ಬಿಟ್ಟು, ಅದನ್ನು ಭಾಗಿಸುವ ನೂರು ಓಮಿನದನ್ನು ಕಿತ್ತು ಸಾವಿರ ಓಮಿನದನ್ನು ಕೂರಿಸಿದಳು.

"ನೂರು ಪಟ್ಟು ಅತ್ತೆ, ಮೇಲೊಂದು ಕೊಸರು. ಎರಡು ವೋಲ್ಟ್. ಆರಾಮಾಗಿ ಓಡಾಡಬಹುದು."

ಮಧ್ಯಾಹ್ನ ಅವಳು ತರಗತಿಯ ಕಿಟಕಿಯಾಚೆ ನಿಂತಳು. ಹೆಡ್‌ಮಿಸ್ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಅತ್ತೆ ಬೋರ್ಡಿನ ಕಡೆ ತಿರುಗಿ ಅನುಪಾತ ಶುರು ಮಾಡಿದರು. ಕಾಗೆಯೂ ಇಲ್ಲ, ಕತ್ತೆಯೂ ಇಲ್ಲ. ಅತ್ತೆಯ ದನಿ, ಅಪ್ಪಟ ಅತ್ತೆಯದೇ, ಗೋಡೆಯಿಂದ ಗೋಡೆಗೆ ತುಂಬಿತು. ಹತ್ತು ನಿಮಿಷವಾದ ಮೇಲೆ ಅವರು ಬೋರ್ಡಿನಿಂದ ತಿರುಗಿದರು.

"ಕೊನೇ ಬೆಂಚು, ಆಕಳಿಸಿದ್ದು ಯಾರು?"

ಹೆಡ್‌ಮಿಸ್ ತಟಕ್ಕನೆ ಬಾಯಿ ಮುಚ್ಚಿದರು. ನಲವತ್ತು ಮಕ್ಕಳು ಘೊಳ್ಳೆಂದರು.

"ಕೇಳಿಸ್ತು ಮೇಡಂ," ಹೆಡ್‌ಮಿಸ್ ಎದ್ದು ನಿಂತು ಹೇಳಿದರು. "ಚೆನ್ನಾಗೇ ಕೇಳಿಸ್ತು. ಮುಂದುವರಿಸಿ."