ಮದುವೆಗೆ ಕಪ್ಪು ಬಟ್ಟೆ

ದೊಡ್ಡವಳ ಬೀರು ತೆರೆದರೆ ಕರೆಂಟು ಹೋದಂತಾಗುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಒಳಗಿರುವುದೆಲ್ಲ ಕಪ್ಪು, ಕಡುನೀಲಿ, ಹೆಚ್ಚೆಂದರೆ ಬೂದು. ಗೆರೆಯಿಲ್ಲ, ಹೂವಿಲ್ಲ, ಹೊಳೆಯುವ ಒಂದು ಗುಂಡಿಯೂ ಇಲ್ಲ. ಅದು ಅವಳ ಅಭಿರುಚಿಯಲ್ಲ, ಹೊಟ್ಟೆಪಾಡು. ಕಿವಿ ಕೇಳಿಸದವರಿಗಾಗಿ ಕೋರ್ಟು, ಆಸ್ಪತ್ರೆ, ಕಂಪನಿ ಮೀಟಿಂಗುಗಳಲ್ಲಿ ನಿಂತು ಬೇರೆಯವರ ಮಾತನ್ನು ಕೈಮಾತಿಗೆ ತಿರುಗಿಸುವವಳು ಅವಳು. ಹಿಂದಿನ ಬಟ್ಟೆ ಸುಮ್ಮನಿದ್ದರೆ ಮಾತ್ರ ಮುಂದಿನ ಕೈ ಕಾಣುತ್ತದೆ.

ಕೈಮಾತನ್ನು ಅವಳಿಗೆ ಮೊದಲು ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಅಪ್ಪ. ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಅಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮನೆಯೊಳಗೆ ಅದೊಂದು ಕೊರತೆಯೇ ಅಲ್ಲ. ಹೆಂಡತಿ ಮಕ್ಕಳ ಜೊತೆ ಜಗಳವೂ ಕೈಯಲ್ಲೇ, ಮುದ್ದೂ ಕೈಯಲ್ಲೇ. ಫಜೀತಿಯೆಲ್ಲ ನಾಲ್ಕು ಜನ ಸೇರುವ ಕಡೆ. ಅಲ್ಲಿ ಅಮ್ಮನದೇ ಕಾರುಬಾರು. ಯಾರಾದರೂ ಗಂಟೆಗಟ್ಟಲೆ ಮಾತಾಡಿ ಸಭೆಯನ್ನೆಲ್ಲ ನಗಿಸಿ ಅಳಿಸಿ ಕೂತರೆ, ಅಮ್ಮ ಅಪ್ಪನ ಕಡೆ ತಿರುಗಿ ‘ಒಳ್ಳೆಯದಾಗಲಿ ಅಂದ್ರು’ ಎಂದು ಸನ್ನೆ ಮಾಡಿ ಕೈತೊಳೆದುಕೊಳ್ಳುತ್ತಿದ್ದಳು. ಅಪ್ಪ ತಲೆಯಾಡಿಸುತ್ತಿದ್ದ. ಪಾಪ, ಅವನಾದರೂ ಇನ್ನೇನು ಮಾಡಿಯಾನು?

ಅದಕ್ಕೇ ತಂಗಿಯ ಮದುವೆ ಗೊತ್ತಾದ ದಿನವೇ ದೊಡ್ಡವಳು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಈ ಮದುವೆಯಲ್ಲಿ ಯಾರು ಏನೇ ಮಾತಾಡಲಿ, ಅದರ ಒಂದಕ್ಷರವೂ ಅಪ್ಪನಿಗೆ ತಪ್ಪಬಾರದು. ಮಾತಾಡುವವರ ಪಕ್ಕದಲ್ಲಿ ತಾನೇ ನಿಲ್ಲುವುದು.

ಆದರೆ ಚಿಕ್ಕವಳೂ ಸುಮ್ಮನೆ ಕೂತಿರಲಿಲ್ಲ. ಅಕ್ಕನಿಗೂ ಚಿಕ್ಕಪ್ಪನ ಮೂವರು ಹೆಣ್ಣುಮಕ್ಕಳಿಗೂ ಒಂದೇ ಥರದ ಉಡುಪು ಹೊಲಿಸಿದ್ದಳು. ಗುಲಾಬಿ ಬಣ್ಣ, ಮೈತುಂಬ ಮಿಂಚುಚುಕ್ಕಿ. ತೊಟ್ಟು ಕನ್ನಡಿ ಮುಂದೆ ನಿಂತಾಗ ದೊಡ್ಡವಳಿಗೆ ತನ್ನ ಮೇಲೆ ತನಗೇ ಆಸೆಯಾಯಿತು. ಇಷ್ಟು ಚೆನ್ನಾಗಿದ್ದೇನೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಆದರೂ ಬಾಯಿಬಿಟ್ಟಳು: ಭಾಷಣದ ಹೊತ್ತಿಗೆ ಕಪ್ಪು ಹಾಕಿಕೊಳ್ಳಬೇಕಾಗುತ್ತದೆ.

ಚಿಕ್ಕವಳ ಮುಖ ಸಪ್ಪಗಾಯಿತು. “ಒಂದೇ ಒಂದಿನ ನನ್ನ ಅಕ್ಕನ ಥರ ಬಾ. ಕೆಲಸಕ್ಕೆ ಬಂದೋಳ ಥರ ಬರಬೇಡ,” ಎಂದಳು.

ಆ ಮಾತು ನೆಟ್ಟಗೆ ಎದೆಗೆ ತಾಗಿತು. ಅಮ್ಮ ಚಿಕ್ಕವಳ ಪರ ವಹಿಸಿದಳು. ಶುಭಕಾರ್ಯಕ್ಕೆ ಕಪ್ಪೇ, ಗಂಡಿನ ಕಡೆಯವರು ಏನಂದುಕೊಂಡಾರು ಎಂದೆಲ್ಲ ಹೇಳಿ, ಕೊನೆಗೆ ಗಾದೆಯನ್ನೇ ಎತ್ತಿದಳು. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ ಕಣೇ.”

“ಆ ಪರರಲ್ಲಿ ಅಪ್ಪನೂ ಒಬ್ಬ ಅಲ್ವೇನಮ್ಮ?” ಎಂದಳು ದೊಡ್ಡವಳು.

ಹಾಗಾದರೆ ಅಪ್ಪನನ್ನೇ ಕೇಳಿಬಿಡೋಣ ಎಂದಾಯಿತು. ಅಪ್ಪನನ್ನು ಕೋಣೆಯ ಆ ತುದಿಯಲ್ಲಿ ಕೂರಿಸಿ, ದೀಪಗಳನ್ನೆಲ್ಲ ಹಾಕಿ, ದೊಡ್ಡವಳು ಗುಲಾಬಿ ಉಡುಪಿನಲ್ಲೇ ಎದುರು ನಿಂತು ನಾಲ್ಕು ಮಾತು ಸನ್ನೆ ಮಾಡಿದಳು. ಕಾಣುತ್ತಿದೆಯಾ ಎಂದು ಕೇಳಿದ್ದಕ್ಕೆ ಅಪ್ಪ ಕಣ್ಣು ಕಿರಿದು ಮಾಡಿಕೊಂಡೇ, ಬಹಳ ಚೆನ್ನಾಗಿ ಕಾಣುತ್ತಿದೆ ಎಂದ. ಮಕ್ಕಳ ಮನಸ್ಸು ನೋಯಿಸದಿರಲು ಅವನು ಯಾವ ಸುಳ್ಳಿಗೂ ಸಿದ್ಧ. ದೊಡ್ಡವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಅದೇ ವೇಗದಲ್ಲಿ, ಅದೇ ನಗುಮುಖದಲ್ಲಿ, ‘ಮದುವೆ ಮುಗಿದ ಮೇಲೆ ಅಮ್ಮ ಫೋಟೋ ತೆಗೆಯುವವನ ಜೊತೆ ಓಡಿಹೋಗ್ತಾಳಂತೆ’ ಎಂದು ಸನ್ನೆ ಮಾಡಿದಳು.

ಅಪ್ಪ ಸಂತೋಷದಿಂದ ತಲೆಯಾಡಿಸಿ, ಒಳ್ಳೆಯದಾಗಲಿ ಎಂದು ಕೈಯೆತ್ತಿದ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡವಳು ಆಮೇಲೆ ನಗಲಿಲ್ಲ. ಇಷ್ಟು ವರ್ಷ ತಾನು ಹೇಳದೆ ಬಿಟ್ಟಿದ್ದಕ್ಕೆಲ್ಲ ಈ ಮನುಷ್ಯ ಹೀಗೇ ತಲೆಯಾಡಿಸಿದ್ದ ಎಂಬುದು ಅವಳಿಗೆ ಆಗ ಹೊಳೆಯಿತು. ಕಪ್ಪನ್ನೇ ಹಾಕಿಕೋ ಎಂದು ಹೇಳಿ ಒಳಗೆ ಹೋದಳು. ಚಿಕ್ಕವಳು ಮಾತ್ರ ಮುಖ ಊದಿಸಿಕೊಂಡೇ ಮಲಗಿದಳು.

ಮದುವೆಯ ದಿನ, ಯಾರು ಯಾವಾಗ ಮಾತಿಗೆ ನಿಲ್ಲುತ್ತಾರೋ ಎಂದು, ದೊಡ್ಡವಳು ಮೊದಲೇ ಕೊರಳವರೆಗೂ ಕಪ್ಪು ತೊಟ್ಟು, ಉಂಗುರ ಬಳೆಗಳನ್ನೂ ತೆಗೆದಿಟ್ಟು ಬಂದಳು. ಗಂಡಿನ ಸೋದರತ್ತೆ ಅವಳನ್ನು ಬಡಿಸುವವಳೆಂದು ತಿಳಿದು ಎರಡು ಲೋಟ ನೀರು ತರಲು ಹೇಳಿದರು. ತಂದುಕೊಟ್ಟಳು. ಗುಲಾಬಿ ಬಣ್ಣದ ಮೂವರು ತಂಗಿಯರು ಫೋಟೋಕ್ಕೆ ನಿಂತಾಗ ದೂರದಲ್ಲೇ ಉಳಿದಳು. ಮದುಮಗಳು ಈ ಕಡೆ ತಿರುಗಿಯೂ ನೋಡಲಿಲ್ಲ.

ಭಾಷಣ ಶುರುವಾಯಿತು. ಗಂಡಿನ ಅಪ್ಪ ನಿವೃತ್ತ ಮೇಷ್ಟರು. ಮೈಕು ಸಿಕ್ಕರೆ ಬಿಡುವವರಲ್ಲ. ತಮ್ಮ ಮಗ ಚಿಕ್ಕಂದಿನಲ್ಲಿ ಪರೀಕ್ಷೆಗೆ ಹೆದರಿ ಅಕ್ಕಿ ಡಬ್ಬದ ಹಿಂದೆ ಅಡಗಿ, ಅಲ್ಲೇ ನಿದ್ದೆಹೋಗಿ, ಊರೆಲ್ಲ ಹುಡುಕುವಂತೆ ಮಾಡಿದ್ದನ್ನು ರಸವತ್ತಾಗಿ ಹೇಳಿದರು. ಪಕ್ಕದಲ್ಲಿ ದೊಡ್ಡವಳ ಕೈಗಳು ಅಡಗಿದವು, ಗೊರಕೆ ಹೊಡೆದವು, ಹುಡುಕಿದವು. ಮೊದಲ ಸಾಲಿನಲ್ಲಿ ಅಪ್ಪ ತೊಡೆ ತಟ್ಟಿ ನಕ್ಕ, ಎಲ್ಲರಿಗಿಂತ ಗಟ್ಟಿಯಾಗಿ. ಹೊಸ ಅಳಿಯನತ್ತ ಬೆರಳು ತೋರಿಸಿ ಇನ್ನೊಮ್ಮೆ ನಕ್ಕ.

ಭಾಷಣಗಳೆಲ್ಲ ಮುಗಿದು ಇನ್ನೇನು ಜನ ಏಳಬೇಕು, ಅಪ್ಪ ಎದ್ದು ವೇದಿಕೆಗೆ ಬಂದ. ನಾನೂ ಮಾತಾಡುತ್ತೇನೆ ಎಂದ. ಅವನು ಸಭೆಯಲ್ಲಿ ಮಾತಾಡಿದ್ದೇ ಇಲ್ಲ. ದೊಡ್ಡವಳು ಗಡಿಬಿಡಿಯಿಂದ ಮೈಕು ಹಿಡಿದಳು. ಅವಳ ಕೆಲಸದಲ್ಲಿ ಒಂದು ನಿಯಮವಿದೆ. ಎದುರಿನವರು ‘ನಾನು’ ಎಂದರೆ ಅವಳೂ ‘ನಾನು’ ಎನ್ನಬೇಕು; ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ.

“ನಾನು ಎಷ್ಟೋ ಮದುವೆಗಳಲ್ಲಿ ಊಟ ಮಾಡಿದೀನಿ,” ಎಂದಳು ಅಪ್ಪನ ಕೈಗಳನ್ನು ನೋಡುತ್ತಾ. “ಮದುವೆ ಅಂತ ನೋಡ್ತಿರೋದು ಇವತ್ತೇ ಮೊದಲು. ನನ್ನ ದೊಡ್ಡ ಮಗಳು...”

ಮುಂದಕ್ಕೆ ಧ್ವನಿ ಹೊರಡಲಿಲ್ಲ. ಅಪ್ಪನ ಕೈ ಆಡುತ್ತಲೇ ಇತ್ತು. ಸಭೆಯಲ್ಲಿ ಪಿಸುಮಾತು ಎದ್ದಿತು. ಮದುಮಗಳು ಉದ್ದನೆಯ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸರಸರನೆ ಬಂದು, ಅಕ್ಕನ ಕೈಯಿಂದ ಮೈಕು ತೆಗೆದುಕೊಂಡಳು. ಆ ಮಾತನ್ನು ಮೊದಲಿಂದ ಹೇಳು ಎಂದು ಅಪ್ಪನಿಗೆ ಸನ್ನೆ ಮಾಡಿದಳು.

“ನನ್ನ ದೊಡ್ಡ ಮಗಳು ಇವತ್ತು ಕಪ್ಪು ಹಾಕ್ಕೊಂಡು ಬಂದಿರೋದು ನನಗೋಸ್ಕರ,” ಎಂದಳು. “ಇಲ್ಲಿರೋರಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಕಾಣ್ತಿಲ್ಲ.”

ಅಪ್ಪ ಅಷ್ಟಕ್ಕೆ ನಿಲ್ಲಿಸಲಿಲ್ಲ. ಇನ್ನೊಂದು ಮಾತು ಸನ್ನೆ ಮಾಡಿದ. ಅದನ್ನು ನುಂಗಿಬಿಟ್ಟಿದ್ದರೆ ಆ ಸಭೆಯಲ್ಲಿ ಅಕ್ಕ, ಅಮ್ಮ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಮದುಮಗಳು ಅಕ್ಕನ ಕಡೆ ತಿರುಗಿ, ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡಳು.

“ಮದುಮಗಳೂ ಅವಳಷ್ಟು ಚೆನ್ನಾಗಿ ಕಾಣ್ತಿಲ್ಲ,” ಎಂದಳು.