ಏನಿಲ್ಲಕ್ಕ ಸಮ್ಮೇಳನಕ್ಕೆ ಹೋದದ್ದು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹೆರಿಗೆ ಆಸ್ಪತ್ರೆಯ ಆಯಾಗಳಿಂದ ಹಿಡಿದು ಡಾಕ್ಟರಮ್ಮನವರೆಗೆ ಎಲ್ಲರ ಬಾಯಲ್ಲೂ ಅವಳು ಏನಿಲ್ಲಕ್ಕ. ಸೂಜಿ ಚುಚ್ಚುವಾಗ 'ಏನಿಲ್ಲ', ಹೊಲಿಗೆ ಬಿಚ್ಚುವಾಗ 'ಏನಿಲ್ಲ', ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ದೀಪ ಆರಿದಾಗಲೂ 'ಏನಿಲ್ಲ, ಏನಿಲ್ಲ, ಈಗ ಬರುತ್ತೆ ನೋಡಿ.' ಇಪ್ಪತ್ತೆರಡು ವರ್ಷದ ನರ್ಸ್ ಕೆಲಸದಲ್ಲಿ ಆ ಒಂದು ಮಾತಿನಿಂದ ಅವಳು ಎಷ್ಟು ಹೆಣ್ಣುಮಕ್ಕಳ ಕಣ್ಣೀರು ಒರೆಸಿದ್ದಳೋ. ಬೇರೆಯವರು ಗದರುವ ಕಡೆ ಅವಳು ತಲೆ ಸವರುತ್ತಿದ್ದಳು. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ.

ಮೂರು ವರ್ಷದಿಂದ ಅವಳಿಗೆ ಕೂಸುಗಳ ಕಿವಿ ಪರೀಕ್ಷೆಯ ಕೆಲಸ. ಹುಟ್ಟಿದ ಮಾರನೆಯ ದಿನ, ಹಾಲು ಕುಡಿದು ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಸಣ್ಣ ಬಿರಡೆ ಇಟ್ಟು ಗುಂಡಿ ಒತ್ತುವುದು. ಮೆಷಿನ್ನು ಟಿಕ್ ಟಿಕ್ ಅಂತ ಸದ್ದು ಕಳಿಸಿ, ಕಿವಿಯೊಳಗಿಂದ ಉತ್ತರ ಬಂತೋ ಇಲ್ಲವೋ ಅಂತ ತಾನೇ ತೋರಿಸುತ್ತದೆ. ಬಂದರೆ ಪಾಸ್. ಪಾಸಾಗದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಸಲ, ಆಗಲೂ ಆಗದಿದ್ದರೆ ದೊಡ್ಡ ಪರೀಕ್ಷೆ. ಪಾಸಾಗಲಿಲ್ಲ ಅಂದಾಗ ತಾಯಿಯ ಮುಖ ಬಿಳಿಚಿಕೊಳ್ಳುತ್ತದಲ್ಲ, ಅದನ್ನು ಅವಳು ನೋಡಲಾರಳು. 'ಏನಿಲ್ಲಮ್ಮ, ಕಿವಿಯಲ್ಲಿ ಒಂಚೂರು ನೀರು ನಿಂತಿರುತ್ತೆ, ತಾನೇ ಹೋಗುತ್ತೆ. ಎರಡು ವಾರ ಬಿಟ್ಟು ಒಂದ್ಸಲ ಬಂದು ಹೋಗು.' ಸುಳ್ಳೇನಲ್ಲ. ಹತ್ತರಲ್ಲಿ ಒಂಬತ್ತು ಕೂಸಿಗೆ ಇರುವುದೂ ಅಷ್ಟೇ. ತೊಂದರೆ ಇರುವುದು ಆ ಹತ್ತನೆಯದರಲ್ಲಿ.

ಆ ವರ್ಷ ಕಿವಿ ಪರೀಕ್ಷೆಯವರ ಸಮ್ಮೇಳನಕ್ಕೆ ಡಾಕ್ಟರಮ್ಮ ಹೊರಟಿದ್ದರು. ಹಿಂದಿನ ದಿನ ಮೆಟ್ಟಿಲ ಮೇಲೆ ಕಾಲು ಉಳುಕಿತು.

'ನೀನೇ ಹೋಗಿ ಬಾ,' ಅಂದರು. 'ನೂರು ಕೂಸು ಹುಟ್ಟಿದ್ರೆ ತೊಂಬತ್ತೆಂಟರ ಕಿವಿ ನೋಡಿದೀವಿ, ಬೇರೆ ಯಾರು ಮಾಡಿದಾರೆ ಹೇಳು? ಪೋಸ್ಟರ್ ಅಂಟಿಸು, ಪಕ್ಕದಲ್ಲಿ ನಿಂತ್ಕೊ, ನಗ್ತಾ ಇರು.'

'ಅಲ್ಲೆಲ್ಲ ನನಗೆ ಮಾತಾಡಕ್ಕೆ ಬರಲ್ಲ ಮೇಡಂ.'

'ಬರಲ್ವಾ! ಲಿಫ್ಟಲ್ಲಿ ಸಿಕ್ಕಿಕೊಂಡಾಗ ಮುಕ್ಕಾಲು ಗಂಟೆ ಬಾಯಿ ಮುಚ್ಚದೆ ಮಾತಾಡಿದ್ದು ಯಾರು, ನಿಮ್ಮಜ್ಜಿನಾ?'

ಹೀಗೆ ಏನಿಲ್ಲಕ್ಕ ಸಮ್ಮೇಳನಕ್ಕೆ ಹೋದಳು. ಅಬ್ಬಬ್ಬಾ, ಆ ಸಭಾಂಗಣದ ಚಳಿಯೋ! ಸ್ವೆಟರ್ ತರದೆ ಬಂದವಳು ಸೆರಗನ್ನೇ ಹೊದ್ದುಕೊಂಡು ಪೋಸ್ಟರಿನ ಪಕ್ಕ ನಿಂತಳು. ಬಂದವರೆಲ್ಲ ತೊಂಬತ್ತೆಂಟು ನೋಡಿ ಹುಬ್ಬೇರಿಸಿದರು. ಇಬ್ಬರು ಫೋಟೋ ಕೂಡ ತೆಗೆದುಕೊಂಡರು. ಅವಳ ಮುಖ ಊರಗಲ ಆಯಿತು. ಅಷ್ಟರಲ್ಲಿ ಕನ್ನಡಕದ ಮುದುಕರೊಬ್ಬರು ಪೋಸ್ಟರನ್ನು ಮೇಲಿಂದ ಕೆಳಗೆ ಓದಿ, 'ಪಾಸಾಗದವರಲ್ಲಿ ವಾಪಸ್ ಬಂದವರೆಷ್ಟಮ್ಮ?' ಅಂದರು. ಆ ಸಾಲು ಪೋಸ್ಟರಿನಲ್ಲಿ ಇರಲಿಲ್ಲ. ಡಾಕ್ಟರಮ್ಮನೇನು ಕಮ್ಮಿ ಜಾಣೆಯೇ! ಏನಿಲ್ಲಕ್ಕನಿಗೆ ಉತ್ತರ ಗೊತ್ತಿತ್ತು. ಬರಬೇಕಾದವರು ಮೂವತ್ತು, ಬಂದವರು ಹತ್ತೊಂಬತ್ತು. 'ನೋಡಿ ಹೇಳ್ತೀನಿ ಸರ್,' ಅಂತ ಜಾರಿಕೊಂಡಳು.

ಮಧ್ಯಾಹ್ನ ಸಣ್ಣದೊಂದು ಕೋಣೆಯಲ್ಲಿ ಅಭ್ಯಾಸ. ಹದಿನೈದು ಮಂದಿ ನರ್ಸುಗಳು ಸುತ್ತ ಕೂತಿದ್ದರು, ನಡುವೆ ಎರಡು ಕುರ್ಚಿ. ಒಂದರಲ್ಲಿ ಒಬ್ಬ ತಾಯಿ ತೊಡೆಯ ಮೇಲೆ ಬಟ್ಟೆಯ ಗೊಂಬೆ ಇಟ್ಟುಕೊಂಡು ಕೂತಿದ್ದಳು. ಅವಳು ನರ್ಸಲ್ಲ, ಕಿವಿ ಕೇಳದ ಮಗುವಿನ ತಾಯಿ, ಇದಕ್ಕೆಂದೇ ಕರೆಸಿದ್ದರು. ಒಬ್ಬೊಬ್ಬರೇ ಎದುರು ಕೂತು, ನಿಮ್ಮ ಮಗು ಪಾಸಾಗಿಲ್ಲ ಅಂತ ಹೇಳಿ ತೋರಿಸಬೇಕು. ಮೊದಲನೆಯವಳು ನಡುಗಿದಳು. ಎರಡನೆಯವಳು ಕೋರ್ಟಿನಲ್ಲಿ ತೀರ್ಪು ಓದಿದ ಹಾಗೆ ಓದಿದಳು. ಮೂರನೆಯವಳು ನಮ್ಮ ಏನಿಲ್ಲಕ್ಕ. ಕುರ್ಚಿ ಹತ್ತಿರ ಎಳೆದುಕೊಂಡಳು, ಆ ತಾಯಿಯ ಕೈ ಹಿಡಿದಳು, ಗೊಂಬೆಯ ಕೆನ್ನೆಯನ್ನೂ ಸವರಿದಳು. 'ಏನಿಲ್ಲಮ್ಮ, ಗಾಬರಿ ಬೀಳಬೇಡ. ಒಂಚೂರು ನೀರು ನಿಂತಿರುತ್ತೆ, ತಾನೇ ಹೋಗುತ್ತೆ.' ಸುತ್ತ ಕೂತವರು ಭೇಷ್ ಅನ್ನುವಂತೆ ತಲೆಯಾಡಿಸಿದರು.

ಆ ತಾಯಿ ನಕ್ಕಳು. 'ಎಷ್ಟು ಚೆನ್ನಾಗಿ ಹೇಳಿದ್ರಿ ಅಕ್ಕಾ. ಮನಸ್ಸು ಹಗುರಾಯ್ತು.' ಆಮೇಲೆ ಗೊಂಬೆಯನ್ನು ಎತ್ತಿಕೊಂಡು ಎದ್ದು ನಿಂತಳು. 'ನಾನಿನ್ನು ವಾಪಸ್ ಬರಲ್ಲ.'



'ನನಗೂ ನಿಮ್ಮಂಥ ಒಳ್ಳೆ ಸಿಸ್ಟರೇ ಸಿಕ್ಕಿದ್ರು,' ಅಂದಳು ಅವಳು. ಮಾತಿನಲ್ಲಿ ಸಿಟ್ಟಿರಲಿಲ್ಲ. 'ಏನಿಲ್ಲ ಅಂದ್ರು. ಏನೂ ಇಲ್ದೆ ಇದ್ಮೇಲೆ ಎರಡು ಬಸ್ಸು ಬದಲಾಯಿಸಿ ಯಾಕೆ ಬರಲಿ? ನನ್ನ ಮಗಳಿಗೆ ಕೇಳಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮೂರು ವರ್ಷ ತುಂಬಿತ್ತು. ಆರು ತಿಂಗಳೊಳಗೆ ಬಂದಿದ್ರೆ ಕಿವಿ ಮೆಷಿನ್ ಹಾಕಿ, ಓರಗೆ ಮಕ್ಕಳ ಜೊತೆಗೇ ಮಾತು ಕಲಿಸಬಹುದಿತ್ತಂತೆ. ಈಗ ಏಳು ವರ್ಷ. ಹೋದ ತಿಂಗಳು ಅಮ್ಮಾ ಅಂದ್ಲು.'

ಬಾರದ ಆ ಹನ್ನೊಂದು ಮಂದಿಯನ್ನು ಏನಿಲ್ಲಕ್ಕ ಇಷ್ಟು ದಿನ ಬೈದುಕೊಂಡಿದ್ದಳು: ಎಂಥಾ ಜನ, ಹೆತ್ತ ಮಗುವಿನ ಮೇಲೂ ಕಾಳಜಿ ಇಲ್ಲ! ಅಯ್ಯೋ, ಕಾಳಜಿ ಇಲ್ಲದೆ ಏನು? ಇವಳ ಮಾತನ್ನು ನಂಬಿ ಮನೆಯಲ್ಲಿ ಕೂತಿದ್ದಾರೆ ಅವರು.

ಚಹಾ ಕುಡಿಯಲು ಎಲ್ಲರೂ ಹೊರಟಾಗ ಅವಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿದ್ದ ಪಟ್ಟಿ ತೆರೆದಳು. ಏಳು ಕೂಸಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ. ಮೂರಕ್ಕೆ ಆರು ತಿಂಗಳು ದಾಟಿಯೇ ಹೋಗಿದೆ. ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಉಳಿದದ್ದು ಒಂದು, ಐದು ತಿಂಗಳು ಮೂರು ದಿನದ ಹೆಣ್ಣುಕೂಸು. ಅದರ ತಾಯಿ ಚೆನ್ನಾಗಿ ನೆನಪಿದ್ದಳು. ಮೆಟ್ಟಿಲಿಳಿದು ಹೋದವಳು ಮತ್ತೆ ಹತ್ತಿ ಬಂದು, 'ನೀವು ಹೇಳಿದ ಮೇಲೆ ಧೈರ್ಯ ಬಂತು ಅಕ್ಕಾ,' ಅಂತ ತಬ್ಬಿಕೊಂಡು ಹೋಗಿದ್ದಳು.

ಅವಳಿಗೇ ಮೊದಲು ಫೋನು ಮಾಡಿದಳು.

'ಅಕ್ಕಾ! ಚೆನ್ನಾಗಿದೀರಾ? ಮತ್ತೆ ಬರೋದಾ? ನೀವೇ ಏನಿಲ್ಲ ಅಂದಿದ್ರಲ್ಲ?'

ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು. 'ಯಾರಮ್ಮ ಅದು? ನಮ್ಮ ಮಗುಗೆ ಏನಾಗಿದೆ? ಬಾಗಿಲು ಧಡ್ ಅಂದ್ರೆ ಬೆಚ್ಚಿಬೀಳುತ್ತೆ!'

'ಬಾಗಿಲು ಬಡಿದ್ರೆ ಮಂಚ ಅದುರುತ್ತೆ ಅಮ್ಮಾ, ಅದಕ್ಕೂ ಬೆಚ್ಚಬಹುದು.'

'ಅವತ್ತು ಒಂದು ಮಾತು, ಇವತ್ತು ಒಂದು ಮಾತು! ನಿಮ್ಮ ನಾಲಿಗೇಲಿ ಎಲುಬಿಲ್ವಾ?'

'ತಪ್ಪು ನಂದೇ ಅಮ್ಮಾ,' ಅಂದಳು ಏನಿಲ್ಲಕ್ಕ. 'ನಿಮ್ಮ ಸೊಸೆ ಅಳೋದು ನೋಡಕ್ಕಾಗದೆ ಹಾಗಂದೆ. ಏನೂ ಇಲ್ದೇನೂ ಇರಬಹುದು, ಇರಲೂಬಹುದು. ನೋಡದೆ ಗೊತ್ತಾಗಲ್ಲ. ಆರು ತಿಂಗಳು ತುಂಬೋದ್ರೊಳಗೆ ನೋಡಬೇಕು. ನನ್ನನ್ನ ಎಷ್ಟು ಬೇಕಾದ್ರೂ ಬೈಯಿರಿ, ಆದ್ರೆ ಗುರುವಾರ ಬಂದು ಬೈಯಿರಿ.'

ಫೋನು ಕಟ್ಟಾಯಿತು. ಅವಳು ಮುಂದಿನ ನಂಬರು ಒತ್ತಿದಳು. ಉಳಿದ ಹತ್ತೂ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು, ಪೋಸ್ಟರನ್ನು ಯಾರೋ ಬಿಚ್ಚಿ ಸುರುಳಿ ಸುತ್ತಿ ಇಟ್ಟಿದ್ದರು.

ಗುರುವಾರ ಅತ್ತೆ ಸೊಸೆ ಇಬ್ಬರೂ ಬಂದರು. ಅತ್ತೆಯ ಮುಖ ಗಂಟಿಕ್ಕಿತ್ತು. ಕಿವಿಯ ಪರೀಕ್ಷೆ ಇನ್ನೊಮ್ಮೆ ಮಾಡಿದರೂ ಕೂಸು ಪಾಸಾಗಲಿಲ್ಲ. ದೊಡ್ಡ ಪರೀಕ್ಷೆಗೆಂದು ಅದನ್ನು ಮಲಗಿಸಿ, ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿದರು. ಸದ್ದು ಕೇಳಿಸಿದ್ದರೆ ಪರದೆಯ ಮೇಲೆ ಗೆರೆ ಏರಿಳಿಯಬೇಕಿತ್ತು. ಸದ್ದು ಜೋರು ಮಾಡಿದರು, ಇನ್ನೂ ಜೋರು ಮಾಡಿದರು. ಎರಡು ಕಿವಿಗೂ ಗೆರೆ ಏಳಲಿಲ್ಲ. ಉಳುಕಿದ ಕಾಲಿನ ಡಾಕ್ಟರಮ್ಮ ಕುಂಟುತ್ತ ಬಂದು ನೋಡಿ, ವಿಷಯ ಇದ್ದ ಹಾಗೆ ಹೇಳಿ, ಚೀಟಿ ಬರೆಯಲು ಕೂತರು.

ಕೂಸಿನ ತಾಯಿ, ಆ ಹುಡುಗಿ, ಏನಿಲ್ಲಕ್ಕನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ಧಾರೆ. 'ಏನಿಲ್ಲ ಅನ್ನಿ ಅಕ್ಕಾ. ಒಂದೇ ಒಂದ್ಸಲ ಅನ್ನಿ.'

ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಸುಮ್ಮನೆ ಬಿಟ್ಟೀತೇ? ಅವಳು ತುಟಿ ಕಚ್ಚಿಕೊಂಡಳು.

'ಇದೆ ಕಣಮ್ಮಾ,' ಅಂದಳು. 'ಇದೆ. ಆದ್ರೆ ಹೊತ್ತು ಮೀರಿಲ್ಲ. ಸೋಮವಾರ ಹತ್ತು ಗಂಟೆಗೆ ಬಾ, ಮೆಷಿನ್ ಹಾಕಕ್ಕೆ ಕಿವಿ ಅಚ್ಚು ತೆಗೀಬೇಕು. ನೀನು ಬರದಿದ್ರೆ ನಾನೇ ನಿಮ್ಮನೆ ಬಾಗಿಲಿಗೆ ಬರ್ತೀನಿ.'

ಹುಡುಗಿ ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಏನಿಲ್ಲಕ್ಕನೂ ಅತ್ತಳು. ಅವಳ ಬಳಿ ಈಗ ಕಣ್ಣೀರು ಒರೆಸುವ ಮಾತು ಇರಲಿಲ್ಲ.

ಅಷ್ಟು ಹೊತ್ತೂ ಗೋಡೆ ನೋಡುತ್ತ ನಿಂತಿದ್ದ ಅತ್ತೆ ಬಗ್ಗಿ, ಮಲಗಿದ್ದ ಮೊಮ್ಮಗಳನ್ನು ಎತ್ತಿಕೊಂಡರು. ಸೆರಗಿನಿಂದ ಅದರ ಹಣೆಯ ಅಂಟು ಒರೆಸಿದರು.

'ಹತ್ತು ಗಂಟೆಗಾ?' ಅಂದರು ಒರಟಾಗಿ. 'ನಾವು ಒಂಬತ್ತಕ್ಕೇ ಬರ್ತೀವಿ.'

ಸೋಮವಾರ ಬಂದದ್ದು ಎಂಟೂವರೆಗೆ. ಏನಿಲ್ಲಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು.